ಬೋಳು ತೆನಿ

ನಾನೊಂದು ಲಾಳಿ. ಎಮ್ಮೆಯ ಕೋಡಿನಿಂದ ಮಾಡಿದ ಲಾಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇದರ ಮಾತು ಒರಟು ಎಂದು ಆಮೇಲೆ ಯಾರೂ ಮೂಗು ಮುರಿಯಬಾರದು. ಮರದ ಲಾಳಿಗಳೂ ಇವೆ. ಪಾಪ, ಸಾಧು ಜಾತಿ, ದೂಡಿದ ಕಡೆ ಹೋಗಿ ಕರೆದ ಕಡೆ ಬರುತ್ತವೆ. ನಾನು ಹುಟ್ಟಿದ್ದು ಇಳಕಲ್ಲಿನ ಹತ್ತಿರದ ಒಂದು ಹಳ್ಳಿಯ ಎಮ್ಮೆಯ ತಲೆಯ ಮೇಲೆ. ಹಿಂಡಲು ಕೂತವರ ಚರಿಗೆ ಒದೆಯುವುದು, ಮೈ ತೊಳೆಯಲು ಬಂದವರನ್ನು ಕೆರೆಗೆ ದೂಡುವುದು, ಹೀಗೆ ಊರಿಗೆಲ್ಲ ಹೆಸರಾದ ಎಮ್ಮೆ ಅದು. ಆ ಸಿಟ್ಟಿನಲ್ಲಿ ನನಗೂ ಒಂದು ಪಾಲು ಬಂದಿದೆ. ಎಮ್ಮೆ ಮುದಿಯಾಗಿ ಸತ್ತ ಮೇಲೆ ನನ್ನನ್ನು ಕೊಯ್ದು ಇಳಕಲ್ಲಿನ ಲಾಲಸಾಬನಿಗೆ ಕೊಟ್ಟರು.

ಲಾಲಸಾಬ ಕೋಡಿನಲ್ಲಿ ಬಾಚಣಿಗೆ ಮಾಡುವವನು. ನೇಕಾರರು ಕೇಳಿದರೆ ಲಾಳಿಯನ್ನೂ ಮಾಡಿಕೊಡುತ್ತಿದ್ದ. ನನ್ನನ್ನು ಕೆಂಡದ ಮೇಲೆ ಹಿಡಿದು ಮೆತ್ತಗೆ ಮಾಡಿ, ಎಣ್ಣೆ ಹಚ್ಚಿ, ಎರಡು ಹಲಗೆಗಳ ನಡುವೆ ಒತ್ತಿ ನೆಟ್ಟಗೆ ಮಾಡಿದ. ಹೊಟ್ಟೆಯನ್ನು ಕೊರೆದು ಟೊಳ್ಳು ಮಾಡಿದ, ಏಕೆಂದರೆ ಅಲ್ಲಿ ಕಂಡಿಕೆ ಕೂರಬೇಕು. ಕಂಡಿಕೆ ಎಂದರೆ ನೂಲು ಸುತ್ತಿದ ಪುಟ್ಟ ಕಡ್ಡಿ. ಪಕ್ಕದಲ್ಲಿ ಒಂದು ಕಣ್ಣು ಕೊರೆದ. ನೂಲು ಹೊರಗೆ ಬರುವುದು ಅಲ್ಲಿಂದ. ಆಮೇಲೆ ಎರಡೂ ತುದಿಗಳನ್ನು ತಿಕ್ಕಿ ತಿಕ್ಕಿ ಚೂಪು ಮಾಡಿದ. ನೋವಾಗಲಿಲ್ಲವೇ ಎಂದು ಕೇಳಬೇಡಿ. ಆಯಿತು. ಆದರೆ ಅದು ಒಂದು ರೂಪ ಕೊಡುವ ನೋವು, ಅದಕ್ಕೆ ನಾನು ಲಾಲಸಾಬನನ್ನು ಬೈಯುವುದಿಲ್ಲ.

ನನ್ನನ್ನು ಕೊಳ್ಳಲು ಬಂದವನು ಮುರಿಗೆಪ್ಪ. ಇಳಕಲ್ಲಿನ ನೇಕಾರರ ಓಣಿಯವನು, ಮಿತಭಾಷಿ, ಹುಬ್ಬು ದಪ್ಪ. ಅವನು ನನ್ನನ್ನು ಬೆಳಕಿಗೆ ಹಿಡಿದು ನೋಡಲಿಲ್ಲ. ತೋಳು ಏರಿಸಿ ಮುಂಗೈ ಮೇಲೆ ಒಮ್ಮೆ ಎಳೆದ. ಮೈಮೇಲಿನ ಕೂದಲು ಎಲ್ಲಿಯೂ ಸಿಗಲಿಲ್ಲ. ಕೂದಲಿಗೆ ತೊಡಕದ ಲಾಳಿ ರೇಷ್ಮೆಗೂ ತೊಡಕುವುದಿಲ್ಲ. ಆಯಿತು ಎಂದು ತಲೆಯಾಡಿಸಿ ನನ್ನನ್ನು ಪಟಗದ ಸುತ್ತಿನೊಳಗೆ ಸಿಕ್ಕಿಸಿಕೊಂಡು ಮನೆಗೆ ನಡೆದ. ಮೊದಲ ದಿನವೇ ಒಬ್ಬ ಮನುಷ್ಯನ ತಲೆಯ ಮೇಲೆ ಕೂತು ಊರು ನೋಡಿದ ಲಾಳಿ ನಾನು.

ಅವನ ಮನೆಯಲ್ಲಿ ನೆಲ ಅಗೆದು ಮಾಡಿದ ತೆಗ್ಗಿನ ಮಗ್ಗ. ನೇಯುವವನು ನೆಲದ ಮೇಲೆ ಕೂತು ಕಾಲನ್ನು ತೆಗ್ಗಿಗೆ ಇಳಿಬಿಡುತ್ತಾನೆ. ಅವನ ತೊಡೆಯ ಪಕ್ಕದಲ್ಲಿ ಬಿದ್ದುಕೊಂಡು ನೋಡಿದರೆ ನನಗೆ ಕಾಣುತ್ತಿದ್ದುದು ಮುರಿಗೆಪ್ಪನ ಗದ್ದ, ಅದರ ಮೇಲೆ ದಪ್ಪ ಹುಬ್ಬು, ಅದರಾಚೆ ಜಂತಿ. ಅವನು ಬಲಗೈಯಿಂದ ತೂರಿ ಎಡಗೈಯಲ್ಲಿ ಹಿಡಿಯುತ್ತಿದ್ದ, ಎಡಗೈಯಿಂದ ತೂರಿ ಬಲಗೈಯಲ್ಲಿ ಹಿಡಿಯುತ್ತಿದ್ದ. ಸೀರೆಯ ಒಡಲಿಗೆ ಬೇರೆ ಲಾಳಿಗಳಿದ್ದವು. ನಾನು ಸೆರಗಿನವನು. ಕೆಂಪು ರೇಷ್ಮೆಯ ಸೆರಗಿನಲ್ಲಿ ಬಿಳಿ ತೆನಿ ಮೂಡಿಸುವ ಲಾಳಿ ನಾನು.

ತೆನಿ ಎಂದರೆ ನಮ್ಮ ಸೆರಗಿನ ಮೇಲೆ ಸಾಲಾಗಿ ನಿಲ್ಲುವ ಜೋಳದ ತೆನೆ. ಬುಡದಿಂದ ನಡುವಿನವರೆಗೆ ಎಲ್ಲರ ತೆನಿಯೂ ಒಂದೇ. ತುದಿಗೆ ಬಂದಾಗ ಒಂದು ತಲೆ ಬರುತ್ತದೆ, ನಾಲ್ಕಾರು ಎಳೆಯ ಸಣ್ಣ ಮುಡಿ. ಆ ತಲೆ ಮಾತ್ರ ಮನೆಮನೆಗೆ ಬೇರೆ. ಒಂದು ಮನೆಯದು ಎಡಕ್ಕೆ ವಾಲಿರುತ್ತದೆ, ಇನ್ನೊಂದು ಮನೆಯದು ಕವಲೊಡೆದಿರುತ್ತದೆ. ಸಂತೆಯಲ್ಲಿ ಹೋಗುವ ಹೆಂಗಸಿನ ಬೆನ್ನು ನೋಡಿ ಇದು ಯಾರ ಮಗ್ಗದ ಸೀರೆ ಎಂದು ಓಣಿಯವರು ಹೇಳುತ್ತಿದ್ದರು. ಮುರಿಗೆಪ್ಪನ ಮನೆಯ ತಲೆ ಹಾಕುವಾಗ ಅವನು ನನ್ನನ್ನು ಅರ್ಧದಲ್ಲೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆಲ್ಲೋ ಮುಳುಗಿಸಿ ಎತ್ತುತ್ತಿದ್ದ. ಎಣಿಸುತ್ತಿರಲಿಲ್ಲ, ನೋಡುತ್ತಲೂ ಇರಲಿಲ್ಲ. ಅವನ ಅಪ್ಪನ ಬೆರಳಿನಿಂದ ಅವನ ಬೆರಳಿಗೆ ಬಂದದ್ದು ಅದು.

ಅವನ ಹೆಂಡತಿ ಬಾಳವ್ವನ ಕೆಲಸ ಕೊಂಡಿ. ನಮ್ಮ ಸೀರೆಯ ಒಡಲಿಗೆ ಹಾಸು, ಎಂದರೆ ಉದ್ದಕ್ಕೆ ಹೂಡುವ ಎಳೆ, ಬೇರೆ, ಸೆರಗಿನ ರೇಷ್ಮೆಗೆ ಹಾಸು ಬೇರೆ. ಒಡಲಿನ ಒಂದೊಂದು ಎಳೆಯ ಕುಣಿಕೆಗೆ ಸೆರಗಿನ ಒಂದೊಂದು ಎಳೆಯ ಕುಣಿಕೆ ಕೂಡಿಸಬೇಕು. ಗಂಟಿಲ್ಲ, ಹೊಲಿಗೆಯಿಲ್ಲ. ಎಳೆಯೊಳಗೆ ಎಳೆ ಕೈ ಹಿಡಿದುಕೊಂಡು ನಿಲ್ಲುತ್ತದೆ. ಸೀರೆ ಹರಿದು ಚಿಂದಿಯಾದರೂ ಆ ಕೊಂಡಿ ಬಿಡುವುದಿಲ್ಲ. ಬಾಳವ್ವ ಕೊಂಡಿಗೆ ಕೂತಾಗ ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸುವಂತಿರಲಿಲ್ಲ. ಬಾಯಿ ತೆರೆದರೆ ಎಳೆ ತಪ್ಪುತ್ತದೆ ಎಂದು ನಂಬಿಕೆ. ಬಾಳವ್ವನಂಥ ಮಾತುಗಾತಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದೇ ಒಂದು ತಪಸ್ಸು ಎಂದು ಮುರಿಗೆಪ್ಪ ಹುಬ್ಬಿನೊಳಗೇ ನಗುತ್ತಿದ್ದ.

ಅವರಿಗೆ ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು, ಕಾಶವ್ವ. ಅವಳಿಗೆ ತಾಯಿ ಕೊಂಡಿ ಕಲಿಸಿದ್ದಳು. ತಲೆಯನ್ನು ಮಾತ್ರ ಅಪ್ಪ ಕಲಿಸಿರಲಿಲ್ಲ. ಮನೆಯ ತಲೆ ಮಗನಿಗೆ ಹೋಗುತ್ತದೆ. ಮಗಳು ಹೋದ ಮನೆಯ ತಲೆ ಕಲಿಯುತ್ತಾಳೆ. ಇದು ಓಣಿಯ ಕಟ್ಟಳೆ. ಈ ಕಟ್ಟಳೆಯ ಮೇಲೂ ನನಗೆ ಸಿಟ್ಟಿದೆ. ಅದರ ಮಾತು ಮುಂದೆ ಬರುತ್ತದೆ.

ಕಾಶವ್ವನ ಲಗ್ನ ನಿಶ್ಚಯವಾಯಿತು. ಹುಡುಗ ಸಂಗನಬಸಪ್ಪ, ಗುಳೇದಗುಡ್ಡದ ನೇಕಾರರ ಮನೆಯವನು. ಮದುಮಗಳ ಸೀರೆ ತವರಿನ ಮಗ್ಗದಲ್ಲೇ ಆಗಬೇಕು. ಅದರಲ್ಲಿ ಇನ್ನೊಂದು ಪದ್ಧತಿ: ಒಡಲು ಮುಗಿದು, ಕೊಂಡಿ ದಾಟಿ, ಸೆರಗು ಶುರುವಾದಾಗ ಬರುವ ಮೊದಲ ಸಾಲಿನ ತೆನಿಯನ್ನು ಮದುಮಗಳು ತಾನೇ ನೇಯಬೇಕು. ಬೇರೆ ದಿನ ಹೆಣ್ಣುಮಕ್ಕಳು ತವರಿನ ತೆಗ್ಗಿಗೆ ಕಾಲಿಡುವಂತಿಲ್ಲ. ಆ ದಿನ ಅರಿಸಿನ ಹಚ್ಚಿದ ಕಾಲಿನಲ್ಲಿ ಇಳಿಯಬಹುದು.

ಕಾಶವ್ವ ಇಳಿದಳು. ನನ್ನನ್ನು ಹಿಡಿದ ಕೈ ಬೆವರಿತ್ತು. ನಡುವಿನವರೆಗೆ ಚೆನ್ನಾಗಿಯೇ ಹಾಕಿದಳು. ತುದಿಗೆ ಬಂದಾಗ ತಡವರಿಸಿ, ನನ್ನನ್ನು ತಿರುಗಿಸುವುದು ಬಿಟ್ಟು ನೆಟ್ಟಗೆ ಆಚೆ ದಾಟಿಸಿಬಿಟ್ಟಳು. ಇಡೀ ಸಾಲಿಗೆ ತಲೆಯೇ ಇಲ್ಲ! ಮುರಿಗೆಪ್ಪ ಬಗ್ಗಿ ನೋಡಿ ಬಿಚ್ಚಲು ಹೊರಟ.

"ಇರ್ಲಿ ಬಿಡ್ರಿ," ಎಂದಳು ಬಾಳವ್ವ. "ಅಕಿ ಹಾಕಿದ್ದು ಅಕೀದ. ಉಳದ ಸಾಲಿಗೆ ನೀವು ತಲಿ ಹಾಕ್ರಿ. ಹೋಗೂ ಮನೀದು ಅಲ್ಲಿ ಹೋಗಿ ಕಲೀತಾಳ."

ಕಾಶವ್ವ ನಾಚಿ ಮುಖ ಮುಚ್ಚಿಕೊಂಡಳು. ಅಪ್ಪ ನಕ್ಕ. ಉಳಿದ ಸಾಲುಗಳಿಗೆಲ್ಲ ಮುರಿಗೆಪ್ಪ ತನ್ನ ಮನೆಯ ತಲೆ ಹಾಕಿದ. ಆ ಸೀರೆಯಷ್ಟು ಚೆಲುವಾದದ್ದನ್ನು ನಾನು ಮತ್ತೆ ನೇಯಲಿಲ್ಲ. ಮಗ್ಗದಿಂದ ಇಳಿಸಿ, ಮಡಿಸಿ, ದೇವರ ಜಗುಲಿಯ ಮೇಲೆ ಇಟ್ಟರು. ಅಕ್ಕಿಕಾಳು ಬೀಳುವ ದಿನದವರೆಗೆ ಅದರ ಮಡಿಕೆ ಬಿಚ್ಚುವಂತಿಲ್ಲ.

ಆಗ ಕಂಪನಿ ಹೋಗಿ ರಾಣಿಯ ಸರ್ಕಾರ ಬಂದಿತ್ತು. ಊರ ಹೊರಗೆ ಸಾಹೇಬನೊಬ್ಬನ ಡೇರೆ ಬಿತ್ತು. ಕಂದಾಯಕ್ಕಲ್ಲ, ಕಳ್ಳರನ್ನು ಹಿಡಿಯಲಿಕ್ಕೂ ಅಲ್ಲ, ನಮ್ಮ ಅರಿವೆ ನೋಡಲು ಬಂದಿದ್ದಾನಂತೆ ಎಂದು ಓಣಿಯಲ್ಲಿ ಸುದ್ದಿ. ಜನ ಹಿಗ್ಗಿದರು. ಅಂಗಳಕ್ಕೆ ನೀರು ಹೊಡೆದರು. ಹಾಳಾದ ಹಿಗ್ಗು! ಹಾವಿಗೆ ಹಾಲೆರೆದು ಕರೆದಂತಾಯಿತು.

ಊರ ಕುಲಕರ್ಣಿ ವೆಂಕೋಬರಾಯರು ಅವನನ್ನು ಕರೆದುಕೊಂಡು ಮುರಿಗೆಪ್ಪನ ಮನೆಗೆ ಬಂದರು. ಸಾಹೇಬ ಒರಟನಲ್ಲ. ಬೂಟು ಬಾಗಿಲಲ್ಲೇ ಬಿಟ್ಟ, ಮಗ್ಗದ ಮುಂದೆ ಮೊಣಕಾಲೂರಿ ಕೂತ, ನನ್ನನ್ನೂ ಎತ್ತಿ ತಿರುವಿ ನೋಡಿ ನಕ್ಕ. ಅವನ ಬೆರಳು ತಣ್ಣಗಿತ್ತು. ಒದ್ದು ಬೈದು ಬರುವವನನ್ನು ದ್ವೇಷಿಸುವುದು ಸುಲಭ. ಇವನು ಹೊಗಳುತ್ತ ಬಂದ, ಅದಕ್ಕೇ ಅವನ ಮೇಲೆ ನನಗೆ ಹೆಚ್ಚು ಸಿಟ್ಟು.

ಹೊರಡುವಾಗ ಅವನ ಕಣ್ಣು ಜಗುಲಿಯ ಮೇಲಿನ ಸೀರೆಗೆ ಬಿತ್ತು. ಕೈ ತೋರಿಸಿದ.

"ಅದು ಮಾರೂದಲ್ರೀ ರಾಯರ," ಎಂದ ಮುರಿಗೆಪ್ಪ. "ಮಗಳ ಲಗ್ನದ್ದು. ಬ್ಯಾರೆ ಬೇಕಾದಷ್ಟು ಅದಾವು, ಕೇಳಿದ್ದು ಒಯ್ರಿ."

"ಹುಚ್ಚಪ್ಪಾ, ಸರ್ಕಾರ ನಿನ್ನ ಮನಿ ಬಾಗಲಿಗೆ ಬಂದದ," ಎಂದರು ವೆಂಕೋಬರಾಯರು. "ನಿನ್ನ ಅರಿವಿ ವಿಲಾಯತಿಗೆ ಹೋಗ್ತದ. ಅಲ್ಲಿ ದೊಡ್ಡ ಮಂದಿ ನೋಡ್ತಾರ. ಲಗ್ನಕ್ಕ ಇನ್ನೊಂದು ನೇಯ್ಕೋ."

ಆಮೇಲೆ ರಾಯರು ಸಾಹೇಬನ ಕಡೆ ತಿರುಗಿ ಅವನ ಭಾಷೆಯಲ್ಲಿ ಮಾತಾಡಿದರು. ನನಗೆ ಆ ಭಾಷೆ ಬಾರದು. ಮುರಿಗೆಪ್ಪ ಹೇಳಿದ್ದು ಇಲ್ಲ ಎಂದು. ರಾಯರ ಮಾತು ಮುಗಿಯುವಷ್ಟರಲ್ಲಿ ಸಾಹೇಬ ನಗುತ್ತ ಹಣದ ಚೀಲ ಬಿಚ್ಚುತ್ತಿದ್ದ. ಇಲ್ಲ ಎಂಬ ಮಾತು ಎಲ್ಲಿ ಹೌದಾಯಿತು ಎಂಬುದನ್ನು ಆ ರಾಯರೇ ಹೇಳಬೇಕು.

ಸೀರೆ ಬಿಚ್ಚಿದರು. ಮದುಮಗಳಿಗಿಂತ ಮೊದಲು ಪರಗಂಡಸಿನ ಕೈ ಅದರ ಮಡಿಕೆ ಬಿಚ್ಚಿತು. ಒಡಲಿಗೆ ಸೆರಗು ಕೂಡುವ ಜಾಗವನ್ನು ಸಾಹೇಬ ಕಣ್ಣಿಗೆ ಗಾಜು ಹಿಡಿದು ನೋಡಿದ. ಮತ್ತೆ ಮತ್ತೆ ನೋಡಿದ. ಆಮೇಲೆ ಜೇಬಿನಿಂದ ಕತ್ತರಿ ತೆಗೆದ.

"ಕತ್ರಿ ಹಾಕಬ್ಯಾಡ್ರೀ!" ಬಾಳವ್ವ ಒಳಗಿನಿಂದ ಓಡಿ ಬಂದಳು. "ಒಯ್ಯೂದಾದ್ರ ಇಡೀದ ಒಯ್ರಿ. ಮದಿಮಗಳ ಸೀರಿರೀ ಅದು. ನಮ್ಮ ಮನ್ಯಾಗ ಉಡದ ಸೀರಿಗೆ ಕತ್ರಿ ಹಚ್ಚಂಗಿಲ್ರಿ!"

ರಾಯರು ಇದನ್ನು ತಿಳಿಸಿಹೇಳುವ ಗೋಜಿಗೆ ಹೋಗಲಿಲ್ಲ. ಕತ್ತರಿ ಆಡಿತು. ಕೊಂಡಿಯನ್ನೂ ಅದಕ್ಕೆ ತಾಗಿದ ಮೊದಲ ಸಾಲಿನ ತೆನಿಯನ್ನೂ ಸೇರಿಸಿ ಅಂಗೈಯಗಲದ ಒಂದು ತುಂಡು ಕತ್ತರಿಸಿಕೊಂಡು, ಉಳಿದ ಸೀರೆಯನ್ನು ಒಪ್ಪವಾಗಿ ಮಡಿಸಿ ಮುರಿಗೆಪ್ಪನ ಕೈಗೆ ಕೊಟ್ಟ. ಅದರ ಮೇಲೆ ಇಡೀ ಸೀರೆಯ ಬೆಲೆಗಿಂತ ಹೆಚ್ಚು ಹಣ ಇಟ್ಟ. ತಾನು ದೊಡ್ಡ ಉಪಕಾರ ಮಾಡಿದೆನೆಂದೇ ಅವನು ತಿಳಿದಿದ್ದ. ನಡುವೆ ತೂತು ಬಿದ್ದ ಸೀರೆ ಹಿಡಿದುಕೊಂಡು ಮುರಿಗೆಪ್ಪ ಕಂಬದ ಹಾಗೆ ನಿಂತಿದ್ದ. ಅವನ ಕೈಯಲ್ಲಿ ಆಗ ಚೂಪು ತುದಿಯ ನಾನಿರಬೇಕಾಗಿತ್ತು!

ಕೊಂಡಿ ಹಾಕುವುದು ಹೇಗೆ, ಒಮ್ಮೆ ತೋರಿಸಲು ಹೇಳಿ ಎಂದು ಸಾಹೇಬ ಕೇಳಿದನಂತೆ. ರಾಯರು ಬಾಳವ್ವನ ಕಡೆ ನೋಡಿದರು. ಬಾಳವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಗೋಡೆಗೆ ಒರಗಿ ಕೂತಳು.

"ಕೈ ನೋಯಾಕತ್ತಾವು ಅಂತ ಹೇಳ್ರಿ," ಎಂದಳು.

ಅವರು ಹೋಗುವವರೆಗೆ ಕೈ ಹೊರಗೆ ತೆಗೆಯಲಿಲ್ಲ. ಹಾಗಾಗಿ ಸಾಹೇಬನಿಗೆ ತುಂಡು ಸಿಕ್ಕಿತು, ಕೊಂಡಿಯ ಕೆಲಸ ಸಿಗಲಿಲ್ಲ. ಆ ಮನೆಯಲ್ಲಿ ಆ ದಿನ ಗೆದ್ದವಳು ಅವಳೊಬ್ಬಳೇ.

ಕತ್ತರಿ ಬಿದ್ದ ಸೀರೆ ಮನೆಯಲ್ಲಿರಬಾರದೆಂದು ಬಾಳವ್ವ ಅದನ್ನು ಕೂಡಲಸಂಗಮಕ್ಕೆ ಒಯ್ದು ಹೊಳೆಗೆ ಬಿಟ್ಟು ಬಂದಳು. ಇನ್ನೊಂದು ನೇಯಲು ಹೊತ್ತಿರಲಿಲ್ಲ. ಕಾಶವ್ವ ತಾಯಿಯ ಹಳೆಯ ಸೀರೆ ಉಟ್ಟು ಹಸೆಯ ಮೇಲೆ ಕೂತಳು. ಬೀಗರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ನೇಕಾರನ ಮಗಳು ಹಳೆ ಸೀರೆಯಲ್ಲಿ ಬಂದಳು ಎಂಬುದನ್ನು ಬೀಗಿತಿ ಸಾಯುವ ತನಕ ಮರೆಯಲಿಲ್ಲ, ಕಾಶವ್ವನಿಗೂ ಮರೆಯಲು ಬಿಡಲಿಲ್ಲ.

ಮುಂದೆ ಕೆಲವು ವರ್ಷ ಹೇಗೋ ನಡೆಯಿತು. ಆಮೇಲೆ ಪಂಚಮಿಗೆಂದು ಕಾಶವ್ವ ತವರಿಗೆ ಬಂದಿದ್ದಳು. ತಂದೆಯ ಜೊತೆ ಪೇಟೆಗೆ ಹೋದಳು. ಮುರಿಗೆಪ್ಪನ ಸೀರೆಗಳನ್ನು ಕೊಳ್ಳುತ್ತಿದ್ದ ಗುರುಶಾಂತಪ್ಪನ ಅರಿವೆ ಅಂಗಡಿಗೆ. ನಾನು ಪಟಗದಲ್ಲಿದ್ದೆ, ಏಕೆಂದರೆ ಮುರಿಗೆಪ್ಪ ದಾರಿಯಲ್ಲಿ ನನ್ನನ್ನು ಲಾಲಸಾಬನಿಗೆ ತೋರಿಸಿ ಸಾಣೆ ಹಿಡಿಸಬೇಕೆಂದಿದ್ದ. ಅಂಗಡಿಯ ಮುಂದೆ ಹೆಂಗಸರ ಗುಂಪು. ಗುರುಶಾಂತಪ್ಪನ ಹಿಂದೆ ಗೋಡೆಯುದ್ದಕ್ಕೂ ಕೆಂಪು ಸೆರಗಿನ ಸೀರೆಗಳು, ಹಡಗಿನಲ್ಲಿ ಬಂದವು. ನೆಯ್ದದ್ದಲ್ಲ, ತೆಳ್ಳನೆಯ ಗಿರಣಿ ಬಟ್ಟೆಯ ಮೇಲೆ ಬಣ್ಣದ ಅಚ್ಚೊತ್ತಿದ್ದು. ಸಾಲು ಸಾಲಾಗಿ ಬಿಳಿ ತೆನಿ.

ಕಾಶವ್ವ ಒಂದನ್ನು ಎಳೆದು ನೋಡಿದಳು. ಇನ್ನೊಂದನ್ನು ಎಳೆದಳು.

"ಯಪ್ಪಾ, ಇದು ನಾ ಹಾಕಿದ ಸಾಲು!"

ಮುರಿಗೆಪ್ಪ ಬಗ್ಗಿ ನೋಡಿದ. ನಾನೂ ನೋಡಿದೆ. ಒಂದು ತೆನಿಗೂ ತಲೆಯಿಲ್ಲ. ಆ ಸಾಲು, ಅರಿಸಿನದ ಕಾಲಿನ ಆ ಹುಡುಗಿ ಬೆವರುಗೈಯಲ್ಲಿ ನನ್ನನ್ನು ಹಿಡಿದು ತಪ್ಪಿದ ಅದೇ ಸಾಲು, ಒಂದರ ಮೇಲೊಂದು, ಸೀರೆಯ ಮೇಲೆ ಸೀರೆ, ಗೋಡೆಯ ತುಂಬ. ಅವಳ ನಾಚಿಕೆಯನ್ನು ಸಮುದ್ರದಾಚೆ ಒಯ್ದು ಲಕ್ಷಗಟ್ಟಲೆ ಅಚ್ಚು ಹಾಕಿ ಮತ್ತೆ ಅವಳ ಊರಿಗೇ ಮಾರಲು ತಂದಿದ್ದರು. ಕಳ್ಳತನವಾದರೂ ಒಂದು ಮರ್ಯಾದೆಯಿಂದ ಮಾಡಬಾರದೇ? ಕದಿಯುವ ವಸ್ತು ಸರಿಯಾಗಿದೆಯೇ ಎಂದೂ ನೋಡಲಿಲ್ಲ! ಕೊಂಡಿ ಇರಬೇಕಾದ ಕಡೆ ಒಂದು ಕಪ್ಪು ಗೆರೆ ಎಳೆದಿದ್ದರು. ಅಷ್ಟೇ ಅವರಿಗೆ ತಿಳಿದದ್ದು.

ಹೆಂಗಸರು ಕೊಳ್ಳುತ್ತಿದ್ದರು. ನಮ್ಮ ಸೀರೆಯ ಬೆಲೆಗೆ ಅಂಥವು ಒಂದು ಹೊರೆ ಬರುತ್ತಿದ್ದವು. ಬಡವರು ಕೊಂಡರೆ ಅವರನ್ನು ಏನೆನ್ನಲಿ? ಅವರ ಮೇಲೆ ನನಗೆ ಸಿಟ್ಟಿಲ್ಲ. ಪೇಟೆಯವರು ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು: ಬೋಳು ತೆನಿ. ಮುತ್ತೈದೆಯರು ಉಡುವ ಸೆರಗಿಗೆ ಬೋಳು ಎಂಬ ಹೆಸರು. ಆ ಮಾತು ಕೇಳಿದ ದಿನ ಬಾಳವ್ವ ಕಿವಿ ಮುಚ್ಚಿಕೊಂಡಳು.

ಆ ಸಂಜೆ ಕಾಶವ್ವ ಅಪ್ಪನ ಮುಂದೆ ಕೂತು ಕೇಳಿದಳು. "ಯಪ್ಪಾ, ನನಗ ತಲಿ ಹಾಕೂದು ಕಲಸು. ಗಂಡನ ಮನ್ಯಾಗ ತೆನಿ ಹಾಕೂದ ಬಿಟ್ಟಾರ. ಅಲ್ಲಿ ಕಲಸೂರು ಯಾರೂ ಇಲ್ಲ."

"ಹೆಣ್ಮಕ್ಕಳಿಗೆ ಕಲಸಿದ್ದಿಲ್ಲವ್ವಾ ನಮ್ಮಲ್ಲಿ."

"ನಿನಗ ಮಗಾ ಎಲ್ಲಿದ್ದಾನ?"

"ನಿನ್ನ ಹೊಟ್ಟೀಲೆ ಮೊಮ್ಮಗ ಬರ್ಲಿ. ಅವಗ ಕಲಸ್ತೀನಿ," ಎಂದು ಮುರಿಗೆಪ್ಪ ಎದ್ದುಹೋದ.

ಇಗೋ, ಆ ಕಟ್ಟಳೆಯ ಮಾತು ಬಂತು. ಸಾಹೇಬ ದೋಚಿದ್ದು ಅಂಗೈಯಗಲದ ತುಂಡನ್ನು. ಉಳಿದದ್ದನ್ನು ನಾವೇ ಕಟ್ಟಿ ಮುಚ್ಚಿ ಇಟ್ಟುಕೊಂಡೆವು, ಕೇಳಿದ ಮಗಳಿಗೂ ಕೊಡದೆ. ನಾನು ಅಲ್ಲೇ ಮಗ್ಗದ ಮೇಲಿದ್ದೆ. ಅವನು ನನ್ನನ್ನು ಎತ್ತಿ ಅವಳ ಕೈಯಲ್ಲಿ ಇಟ್ಟಿದ್ದರೆ ಸಾಕಿತ್ತು. ನನಗೆ ಮುರಿಗೆಪ್ಪ ಇಷ್ಟದವನು. ಆದರೂ ಹೇಳುತ್ತೇನೆ, ಆ ಸಂಜೆ ಅವನು ಮೂರ್ಖನಾದ.

ಮೊಮ್ಮಗ ಹುಟ್ಟಿ ಕಲಿಯುವ ವಯಸ್ಸಿಗೆ ಬರುವ ಮೊದಲೇ ಬೇರೆ ಕೇಡು ಬಂತು. ಗುರುಶಾಂತಪ್ಪ ಮುರಿಗೆಪ್ಪನ ಹೊಸ ಸೀರೆಯನ್ನು ಹಿಂದಕ್ಕೆ ತಳ್ಳಿದ. ಬಣ್ಣ ಬಿಡುವ ಅಚ್ಚಿನ ಸೀರೆ ಬೇಡ, ನೆಯ್ದ ಸೀರೆಯೇ ಬೇಕು ಎನ್ನುವ ಉಳ್ಳವರು ಇನ್ನೂ ಇದ್ದರು. ಆದರೆ ಅವರ ಕಣ್ಣೂ ಅಷ್ಟರಲ್ಲಿ ಬೋಳಿಗೆ ಒಗ್ಗಿತ್ತು.

"ಇದರ ತುದಿಗೆ ಇದೇನೋ ಹೆಚ್ಚಿಗಿ ಕುಂತೈತಲ್ಲ, ಇದು ನಕಲಿ ಅಂತಾರಪಾ," ಎಂದ ಗುರುಶಾಂತಪ್ಪ. "ಬೋಳು ತೆನಿ ನೇಯ್ದು ಕೊಡು. ಕೈತುಂಬ ಕೆಲಸ ಕೊಡ್ತೀನಿ."

ಮುರಿಗೆಪ್ಪನ ದಪ್ಪ ಹುಬ್ಬು ಕುಣಿಯಿತು. ನಾಲ್ಕು ತಲೆಮಾರಿನಿಂದ ಅವನ ಮನೆ ಹಾಕಿಕೊಂಡು ಬಂದ ತಲೆ ನಕಲಿ! ಅವನ ಮಗಳ ತಪ್ಪು ಅಸಲಿ! ಅವನು ಸೀರೆ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ನನ್ನನ್ನು ಗೋಡೆಯ ಗೂಡಿನಲ್ಲಿಟ್ಟ. "ನನ್ನ ಕೈಲೆ ಬೋಳು ಹಾಕಂಗಿಲ್ಲ," ಎಂದು ಬಾಳವ್ವನಿಗೆ ಹೇಳಿ, ಓಣಿಯ ಇನ್ನಷ್ಟು ಜನರ ಜೊತೆ ಸೊಲ್ಲಾಪುರದ ಕಡೆ ಗಿರಣಿಯ ಕೆಲಸಕ್ಕೆ ಹೋದ. ಅಳಿಯ ಸಂಗನಬಸಪ್ಪನೂ ಅವನ ಬೆನ್ನಿಗೆ ಹೋದ. ಅರಿವೆಯ ಅಭಿಮಾನಕ್ಕಾಗಿ ಮಗ್ಗ ಬಿಟ್ಟ ಮುರಿಗೆಪ್ಪ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದ. ಎರಡು ಮಳೆಗಾಲ ಕಳೆಯುವುದರೊಳಗೆ ಕೆಮ್ಮಿ ಕೆಮ್ಮಿ ಸತ್ತನೆಂದು ಸುದ್ದಿ ಬಂತು. ಅವನ ಕೈ ಅಲ್ಲಿಯೇ ಮಣ್ಣಾಯಿತು. ಆ ಕೈಯೊಳಗಿದ್ದ ತಲೆಯೂ ಮಣ್ಣಾಯಿತು.

ಕಾಶವ್ವ ಮಕ್ಕಳನ್ನು ಕಟ್ಟಿಕೊಂಡು ತಾಯಿಯ ಮನೆಗೆ ಬಂದಳು. ಗಂಡ ಕಳಿಸುವುದು ಅವನಿಗೇ ಸಾಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಗೂಡಿನಿಂದ ನನ್ನನ್ನು ತೆಗೆದು, ಧೂಳು ಒರೆಸಿ, ಎಣ್ಣೆ ಸವರಿ, ತೆಗ್ಗಿನೊಳಗೆ ಕಾಲಿಟ್ಟಳು. ಓಣಿಯ ಗಂಡಸರು ಬಾಗಿಲಲ್ಲಿ ನಿಂತು ಕೆಮ್ಮಿದರು.

"ಹೆಣ್ಣು ತವರಿನ ತೆಗ್ಗಿಗೆ ಇಳೀಬಾರದವ್ವಾ," ಎಂದ ಒಬ್ಬ.

"ಹಂಗಾರ ನೀ ಬಾ, ನೀ ಇಳಿ. ನನ್ನ ಮಕ್ಕಳಿಗೆ ರೊಟ್ಟಿ ನೀ ಬಡಿ," ಎಂದಳು ಕಾಶವ್ವ ಒಳಗಿನಿಂದಲೇ.

ಮತ್ತೆ ಯಾರೂ ಕೆಮ್ಮಲಿಲ್ಲ. ಅವಳು ನೆಯ್ದದ್ದು ಬೋಳು ತೆನಿ. ಅವಳಿಗೆ ಬರುತ್ತಿದ್ದುದು ಅದೊಂದೇ, ಪೇಟೆ ಕೇಳುತ್ತಿದ್ದುದೂ ಅದನ್ನೇ. ಕೊಂಡಿಯನ್ನು ಮಾತ್ರ ಬಾಳವ್ವ ಕಣ್ಣು ಮಂಜಾಗುವವರೆಗೆ ತಾನೇ ಹಾಕಿದಳು. ಅವಳು ತೀರಿದ ಮೇಲೆ ಕಾಶವ್ವ ಹಾಕಿದಳು. ನಾನು ಅವಳ ಕೈಯಲ್ಲಿ ಹೋದೆ, ಬಂದೆ. ತುದಿಗೆ ಬಂದಾಗಲೆಲ್ಲ ನನ್ನ ಮೈ ತಾನಾಗಿ ತಿರುಗಲು ನೋಡುತ್ತಿತ್ತು. ಅವಳು ನೆಟ್ಟಗೆ ದಾಟಿಸುತ್ತಿದ್ದಳು. ಹುಡುಗಾಟದ ಒಂದು ತಪ್ಪನ್ನು ಅವಳು ಹೊಟ್ಟೆಪಾಡಿಗಾಗಿ ಬದುಕಿನುದ್ದಕ್ಕೂ ನೆಯ್ದಳು. ಜೈಲಿನವರು ಕಲ್ಲು ಒಡೆಯುವುದೂ ಇದಕ್ಕಿಂತ ಮೇಲು. ಅಲ್ಲಿ ಒಂದು ದಿನ ಬಿಡುಗಡೆಯಾದರೂ ಇದೆ.

ಹೀಗೆ ಅವಳ ತಲೆ ನೆರೆಯಿತು. ಅವಳ ಮಗನ ಮಗಳು ನಿಂಗವ್ವನ ಲಗ್ನ ಕೂಡಿ ಬಂತು. ಮಗ ತೆಗ್ಗಿಗೆ ಇಳಿದವನಲ್ಲ, ಚಿಕ್ಕಂದಿನಲ್ಲೇ ಅಪ್ಪನ ಬಳಿ ಹೋಗಿ ಗಿರಣಿಯಲ್ಲೇ ಬೆಳೆದವನು. ಸೀರೆ ಅಜ್ಜಿಯೇ ನೇಯಬೇಕು. ಕಾಶವ್ವ ಪೇಟೆಗೆ ನೇಯುವುದನ್ನು ಬದಿಗಿಟ್ಟು ಹೊಸ ಹಾಸು ಹೂಡಿದಳು.

"ಈ ಸೀರಿಗೆ ನಮ್ಮ ಮನಿ ತಲಿ ಹಾಕಾಕಿ ನಾನು," ಎಂದು ಮೊಮ್ಮಗಳಿಗೆ ಹೇಳಿದಳು. "ಇದೊಂದಕ್ಕರೆ ಹಾಕ್ತೀನಿ."

ಅವಳು ಕುರುಹಿಗಾಗಿ ಓಣಿಯೆಲ್ಲ ಹುಡುಕಿದಳು. ತಲೆ ಇದ್ದ ಹಳೆಯ ಸೀರೆಗಳು ಎಂದೋ ಹೊದೆಯುವ ಕೌದಿಗಳಾಗಿದ್ದವು. ಮುದುಕಿಯರ ಮನೆಗೆ ಹೋಗಿ ಕೌದಿಗಳ ಒಳಪದರು ಬಿಚ್ಚಿ ನೋಡಿದಳು. ತೆನಿಯ ಬುಡ ಸಿಕ್ಕಿತು, ನಡು ಸಿಕ್ಕಿತು. ತಲೆಯ ಎಳೆಗಳು ಸಡಿಲ, ಎಲ್ಲಕ್ಕಿಂತ ಮೊದಲು ಸವೆಯುವುದು ಅವೇ. ಅವಳ ತಾಯಿಯ ಸೀರೆಯಂತೂ ಅವಳ ಮಕ್ಕಳ ತೊಟ್ಟಿಲಾಗಿ ಹರಿದುಹೋಗಿತ್ತು. ನೆನಪಿದ್ದ ಮುದುಕರನ್ನು ಕೇಳಿದಳು. ಒಬ್ಬ ಬಲಕ್ಕೆ ವಾಲಿತ್ತು ಎಂದ, ಒಬ್ಬ ಇಲ್ಲ ನೆಟ್ಟಗಿತ್ತು ಎಂದ.

ಕೊನೆಗೆ ಕೈ ನಂಬಿ ಕೂತಳು. ಅಪ್ಪ ನನ್ನನ್ನು ಅರ್ಧದಲ್ಲಿ ನಿಲ್ಲಿಸುತ್ತಿದ್ದನೆಂಬುದು ಅವಳಿಗೆ ನೆನಪಿತ್ತು. ನಿಲ್ಲಿಸಿದಳು. ತಿರುಗಿಸಿದಳು. ಎಲ್ಲಿ ಮುಳುಗಿಸಬೇಕೆಂದು ತಿಳಿಯಲಿಲ್ಲ. ಒಂದು ಕಡೆ ಮುಳುಗಿಸಿ ಎತ್ತಿದಳು. ತಲೆ ಕೂಡಲಿಲ್ಲ, ಎಳೆ ಸಡಿಲಾಗಿ ಜೋತುಬಿತ್ತು. ಬಿಚ್ಚಿದಳು. ಇನ್ನೊಂದು ಕಡೆ. ಬಿಚ್ಚಿದಳು. ಅಲ್ಲ ಕಾಶವ್ವಾ, ಅಲ್ಲಲ್ಲ, ಇನ್ನೊಂದಿಷ್ಟು ಈಚೆ, ಈಗ ಕೆಳಗೆ, ಎಂದು ನಾನು ಒಳಗೊಳಗೇ ಕಿರುಚುತ್ತಿದ್ದೆ. ಅವಳ ಬೆರಳು ಹತ್ತಿರ ಬಂದು ಬಂದು ತಪ್ಪಿಹೋಗುತ್ತಿತ್ತು. ಬಿಚ್ಚಿ ಬಿಚ್ಚಿ ರೇಷ್ಮೆ ಕೂದಲೆದ್ದಿತು. ಸೆರಗಿನ ಮೇಲೆ ಅವಳ ಕಣ್ಣೀರು ಬಿತ್ತು.

ನಿಂಗವ್ವ ಪಕ್ಕದಲ್ಲಿ ಕೂತಿದ್ದಳು. ಅಜ್ಜಿಯನ್ನು ಸಮಾಧಾನ ಮಾಡಬೇಕೆಂದೇ ಮೆಲ್ಲಗೆ ಹೇಳಿದಳು.

"ಇರ್ಲಿ ಬಿಡ ಆಯಿ. ಬೋಳು ತೆನೀನ ಚಂದ. ಮೊದಲಿಂದ್ಲೂ ನಮ್ಮ ಮನೀದು ಅದಽ ಅಲ್ಲೇನು?"

ಕಾಶವ್ವ ತಲೆ ಎತ್ತಿ ಅವಳನ್ನು ನೋಡಿದಳು. ನನ್ನನ್ನು ಮುಷ್ಟಿಯಲ್ಲಿ ಬಿಗಿದು ಎದುರಿನ ಗೋಡೆಗೆ ಬೀಸಿ ಎಸೆದಳು. ನನ್ನ ಒಂದು ತುದಿ ಮುರಿದು ಸಿಡಿಯಿತು.

ಹುಡುಗಿ ಬೆದರಿ ಅಳತೊಡಗಿದಳು. "ನಾ ಏನ್ ಮಾಡೀನಿ ಆಯಿ? ನನ್ನ ಮ್ಯಾಲ ಯಾಕ ಸಿಟ್ಟು?"

"ನಿನ್ನ ಮ್ಯಾಲ ಅಲ್ಲವ್ವಾ," ಎಂದು ಕಾಶವ್ವ ಅವಳನ್ನು ಎದೆಗೆ ಒತ್ತಿಕೊಂಡಳು. "ಯಾರ ಮ್ಯಾಲ ಮಾಡ್ಬೇಕೋ ಅವ್ರು ಯಾರೂ ಇಲ್ಲಿ ಇಲ್ಲ."

ಮರುದಿನ ಇನ್ನೊಂದು ಲಾಳಿ ತಂದು ಸೀರೆ ಮುಗಿಸಿದಳು. ಬೋಳು ತೆನಿಯ ಸೀರೆ. ನಿಂಗವ್ವ ಅದನ್ನೇ ಉಟ್ಟು ಹಸೆಯ ಮೇಲೆ ಕೂತಳು. ಬಂದವರೆಲ್ಲ ಸೆರಗು ಹಿಡಿದು ನೋಡಿ, ಹಳೆ ಕಾಲದ ಕಸುಬು ಅಂದರೆ ಇದು ನೋಡ್ರಿ ಎಂದು ಹೊಗಳಿದರು. ಕಾಶವ್ವ ಎಲ್ಲರಿಗೂ ಬಡಿಸಿದಳು. ತಾನು ಉಣ್ಣಲಿಲ್ಲ.

ಕಾಶವ್ವ ಹೋಗಿ ಬಹಳ ಕಾಲವಾಯಿತು. ರಾಣಿ ಹೋದಳು, ಅವಳ ಮೊಮ್ಮಕ್ಕಳ ರಾಜ್ಯವೂ ಹೋಯಿತು. ನಾನು ಈ ಗೂಡಿನಲ್ಲಿ ತುದಿ ಮುರಿದುಕೊಂಡು ಬಿದ್ದಿದ್ದೇನೆ. ಆಗೀಗ ಪೇಟೆಯಿಂದ ಯಾರಾದರೂ ಬರುತ್ತಾರೆ, ಎತ್ತಿ ನೋಡುತ್ತಾರೆ, ಫೋಟೊ ಹಿಡಿಯುತ್ತಾರೆ. ಬೋಳು ತೆನಿ ಎಷ್ಟು ಪುರಾತನ ಎಂದು ಒಬ್ಬರಿಗೊಬ್ಬರು ವಿವರಿಸುತ್ತಾರೆ. ನಾನು ಕೇಳುತ್ತ ಬಿದ್ದಿರುತ್ತೇನೆ. ಹಲ್ಲು ಇದ್ದಿದ್ದರೆ ಕಡಿಯುತ್ತಿದ್ದೆ.

ಮುರಿಗೆಪ್ಪನ ಮನೆಯ ತಲೆ ಹಾಕುವ ದಾರಿ ಈ ಭೂಮಿಯ ಮೇಲೆ ಈಗ ಗೊತ್ತಿರುವುದು ನನಗೊಬ್ಬನಿಗೆ. ಎಲ್ಲಿ ನಿಲ್ಲಬೇಕು, ಎತ್ತ ತಿರುಗಬೇಕು, ಯಾವ ಎಳೆಯ ಕೆಳಗೆ ಮುಳುಗಿ ಎಲ್ಲಿ ಏಳಬೇಕು, ಎಲ್ಲವೂ ನನ್ನ ಮೈಗೆ ಗೊತ್ತು. ಇಷ್ಟೆಲ್ಲ ಬಾಯಿ ಬಡಿದುಕೊಂಡವನು ಅದನ್ನೂ ಹೇಳಿಬಿಡಬಾರದೇ ಎಂದು ನೀವು ಕೇಳಬಹುದು. ಬೇಕಾದ ದಿನ ಬೇಕಾದ ಕೈ ನನ್ನನ್ನು ಹಿಡಿದು ಅತ್ತಿತು, ಆಗ ನನಗೆ ಬಾಯಿರಲಿಲ್ಲ. ಕಾಶವ್ವನಿಗೆ ಹೇಳಲಾಗದ್ದನ್ನು ನಾನು ಇನ್ನಾರಿಗೂ ಹೇಳುವುದಿಲ್ಲ.